ಬಯಕೆ ಮತ್ತು ಸುಖ ಒಂದೆಯೇ?

ಸುಖ ಸಿಗುವುದರಿಂದಲೇ ಮನುಷ್ಯನು ಒಂದು ವಸ್ತುವನ್ನು ಬಯಸುತ್ತಾನೆ ಎಂಬುದು ಲೋಕದ ಸಾಮಾನ್ಯ ನಂಬಿಕೆ. ಭಾರತೀಯ ದರ್ಶನಗಳು ಇದನ್ನು ಬಹಳ ಹಿಂದೆಯೇ ಶಂಕಿಸಿದವು: ಕಠೋಪನಿಷತ್ತು ಹಿತವಾದ ಶ್ರೇಯಸ್ಸನ್ನು ಪ್ರಿಯವಾದ ಪ್ರೇಯಸ್ಸಿನಿಂದ ಬೇರ್ಪಡಿಸಿತು, ಬುದ್ಧನು ದುಃಖದ ಮೂಲವನ್ನು ತೃಷ್ಣೆಯಲ್ಲಿ, ಎಂದರೆ ತಣಿಯದ ದಾಹದಲ್ಲಿ ಗುರುತಿಸಿದನು, 12ನೆಯ ಶತಮಾನದ ಅಲ್ಲಮಪ್ರಭುವು ಮಾಯೆಯನ್ನು ಹೊರಗಿನ ವಸ್ತುಗಳ ಮೇಲೆ ಹೊರಿಸದೆ ಮನಸ್ಸಿನ ಆಸೆಯಲ್ಲೇ ಕಂಡನು. ಸಸ್ತನಿಗಳ ಮಿದುಳಿನ ಸ್ಟ್ರಯೇಟಮ್ ಎಂಬ ಭಾಗವನ್ನು ಕುರಿತ ಸಂಶೋಧನೆಯು ಈ ಹಳೆಯ ಪ್ರಶ್ನೆಗೆ ಹೊಸದೊಂದು ಸಾಕ್ಷ್ಯವನ್ನು ಒದಗಿಸಿದೆ.

ಬಿಳಿಯ ನರತಂತುಗಳು ಬೂದುಬಣ್ಣದ ಕೋಶರಾಶಿಯನ್ನು ಸೀಳಿಕೊಂಡು ಹಾಯುವುದರಿಂದ ಈ ಭಾಗ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಅದರ ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ನಡುಮಿದುಳಿನ ನರಕೋಶಗಳು ಇಲ್ಲಿಗೆ ಉದ್ದನೆಯ ಎಳೆಗಳನ್ನು ಚಾಚಿ ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಅದನ್ನು ಬರಮಾಡಿಕೊಳ್ಳುವ ಕೋಶಗಳಲ್ಲಿ ಡಿ1 ಎಂಬ ಗ್ರಾಹಕವುಳ್ಳವು, ಸ್ಥೂಲವಾಗಿ ಹೇಳುವುದಾದರೆ, ಕ್ರಿಯೆಗೆ ಒತ್ತಾಸೆ ನೀಡಿದರೆ ಡಿ2 ಗ್ರಾಹಕವುಳ್ಳವು ಅದನ್ನು ತಡೆಹಿಡಿಯುತ್ತವೆ. ಡೋಪಮೀನ್ ಮೊದಲನೆಯವನ್ನು ಉತ್ತೇಜಿಸಿ ಎರಡನೆಯವನ್ನು ತಗ್ಗಿಸುವುದರಿಂದ, ಅದು ಹೆಚ್ಚಿದಾಗ ಜೀವಿಯು ಗುರಿಯತ್ತ ವಾಲುತ್ತದೆ.

1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಅವರ ಪ್ರಯೋಗದಲ್ಲಿ ಇಲಿಗಳು ತಮ್ಮ ಮಿದುಳಿಗೆ ವಿದ್ಯುತ್ತು ಹರಿಸುವ ಸನ್ನೆಯನ್ನು ಮತ್ತೆ ಮತ್ತೆ ಒತ್ತಿದಾಗ, ಸುಖದ ಕೇಂದ್ರವೇ ದೊರೆಯಿತೆಂದು ಅನೇಕರು ಭಾವಿಸಿದರು. ಆದರೆ ವುಲ್ಫ್ರಮ್ ಶುಲ್ಟ್ಸ್ ಅವರು ಮಂಗಗಳಲ್ಲಿ ಕಂಡದ್ದು ಬೇರೆ: ಅನಿರೀಕ್ಷಿತವಾಗಿ ಹಣ್ಣಿನ ರಸ ದೊರೆತಾಗ ಚುರುಕಾಗುತ್ತಿದ್ದ ಡೋಪಮೀನ್ ಕೋಶಗಳು, ರಸದ ಮುನ್ಸೂಚನೆ ಅಭ್ಯಾಸವಾದ ಮೇಲೆ ಆ ಸೂಚನೆಗೇ ಸ್ಪಂದಿಸಿದವು, ರಸಕ್ಕಲ್ಲ, ಬರಬೇಕಾದ ರಸ ಬಾರದಿದ್ದರೆ ಅವುಗಳ ಸ್ಪಂದನ ಕುಗ್ಗಿತು. ಡೋಪಮೀನನ್ನು ಬಹುಮಟ್ಟಿಗೆ ಕಳೆದುಕೊಂಡ ಇಲಿಗಳು ತಾವಾಗಿ ಆಹಾರವನ್ನು ಅರಸದಿದ್ದರೂ, ನಾಲಿಗೆಗೆ ಸಿಹಿ ತಾಗಿದಾಗ ಮೊದಲಿನಂತೆಯೇ ಚಪ್ಪರಿಸಿದವೆಂದು ಕೆಂಟ್ ಬೆರಿಡ್ಜ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಸವಿಯುವ ಶಕ್ತಿ ಉಳಿದು ಬಯಸುವ ಶಕ್ತಿ ಅಳಿಯಬಲ್ಲುದಾದರೆ ಇವೆರಡೂ ಒಂದೇ ಆಗಲಾರವು.

ಇಲ್ಲಿಂದ ನೈತಿಕ ಪ್ರಶ್ನೆಯೊಂದು ಹುಟ್ಟುತ್ತದೆ. ಡೋಪಮೀನ್ ಒದಗಿಸುವ ಕೋಶಗಳು ಸಾಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ, ಡೋಪಮೀನ್‌ನ ಕೆಲಸವನ್ನು ತಾವೇ ನಿರ್ವಹಿಸುವ ಕೆಲವು ಔಷಧಗಳನ್ನು ಸೇವಿಸಿದ ಕೆಲವರಲ್ಲಿ ಜೂಜಿನ ಅದಮ್ಯ ಹಂಬಲ ಮೂಡುತ್ತದೆ. ಔಷಧವನ್ನು ತಗ್ಗಿಸಿದಾಗ ಅದು ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾದರೆ ಆ ಹಂಬಲ ಯಾರದು? ಔಷಧದೊಂದಿಗೆ ಬಂದು ಔಷಧದೊಂದಿಗೆ ಹೋಗುವುದನ್ನು ಆ ವ್ಯಕ್ತಿಯ ಶೀಲವೆಂದು ಕರೆಯುವುದು ಅನ್ಯಾಯ. ಆದರೆ ಎಲ್ಲ ಬಯಕೆಯೂ ರಸಾಯನದ ಆಟವೆಂದು ಹೊಣೆಯನ್ನೇ ಅಳಿಸಿಹಾಕುವುದೂ ತಪ್ಪು, ಏಕೆಂದರೆ ತನ್ನ ಹಂಬಲವನ್ನು ಎದುರು ನಿಂತು ನೋಡಿ ಇದು ತಕ್ಕುದೇ ಎಂದು ಕೇಳುವ ವಿವೇಚನೆಯೂ ಅದೇ ಮಿದುಳುಳ್ಳ ಮನುಷ್ಯನದೇ.

ಸ್ಟ್ರಯೇಟಮ್‌ನ ಅಧ್ಯಯನವು ಉಪನಿಷತ್ತನ್ನು ಸಾಬೀತುಪಡಿಸಿತೆಂದು ಹೇಳುವುದು ಅವಸರದ ಮಾತಾಗುತ್ತದೆ. ವಿಜ್ಞಾನವು ಸೀಳಿ ತೋರಿಸಿರುವುದು ಪ್ರೇಯಸ್ಸನ್ನೇ: ಸವಿಯುವ ಪ್ರಿಯ ಬೇರೆ, ಬೆನ್ನಟ್ಟುವ ಪ್ರಿಯ ಬೇರೆ. ಶ್ರೇಯಸ್ಸು ಯಾವುದೆಂಬುದನ್ನು ಯಾವ ನರಕೋಶವೂ ನುಡಿಯುವುದಿಲ್ಲ. ಬಯಕೆಯ ತೀವ್ರತೆಯು ಬಯಸಿದ ವಸ್ತುವಿನ ಬೆಲೆಗೆ ಸಾಕ್ಷಿಯಲ್ಲ, ಬಯಸಿದವನ ಕೆಡುಕಿಗೂ ಸಾಕ್ಷಿಯಲ್ಲ. ಇಷ್ಟನ್ನು ಅರಿತವನು ತನ್ನ ಆಸೆಯನ್ನು ಎಚ್ಚರದಿಂದಲೂ ಪರರ ಆಸೆಯನ್ನು ಕರುಣೆಯಿಂದಲೂ ನೋಡಬೇಕು.