ಬಡಿಯುವುದು, ನುಡಿಸುವುದು

ನಮ್ಮ ಕಡೆ ಮಾತು ಹೀಗಿದೆ: ವೀಣೆ ನುಡಿಸುತ್ತಾರೆ, ಕೊಳಲು ಊದುತ್ತಾರೆ, ತಬಲಾ ಬಾರಿಸುತ್ತಾರೆ. ಹಲಗಿ ಮಾತ್ರ ಬಡೀತಾರೆ. ದನ ಬಡೀತಾರೆ, ಕೇರಿಯ ಹುಡುಗ ಎದುರು ಮಾತಾಡಿದರೆ ಅವನನ್ನೂ ಬಡೀತಾರೆ, ಹಲಗಿಯನ್ನೂ ಬಡೀತಾರೆ. ಒಂದು ಕ್ರಿಯಾಪದದೊಳಗೆ ಎಷ್ಟು ಶತಮಾನಗಳ ಊರು-ಕೇರಿ ಅಡಗಿ ಕೂತಿದೆ ಎಂಬುದನ್ನು ನಾವು ವ್ಯಾಕರಣದ ಪುಸ್ತಕದಲ್ಲಿ ಕಲಿಯಲಿಲ್ಲ. ಒಂದು ಸಣ್ಣ ಸಿನಿಮಾಕ್ಕೆ ಸಂಗೀತ ಕೂಡಿಸಲು ಹೋಗಿ ಕಲಿತೆವು.

ಆಡೂರಿನ ನಾವು ನಾಲ್ಕು ಮಂದಿ ಗೆಳೆಯರು ಮೊಬೈಲಿನಲ್ಲೇ ಹನ್ನೆರಡು ನಿಮಿಷದ ಚಿತ್ರ ತೆಗೆದೆವು. ಕಥೆ ಕೇರಿಯ ಅಜ್ಜನೊಬ್ಬನದು. ಹರೇದಾಗ ಆತ ಬೇರೊಂದು ಊರಲ್ಲಿದ್ದ. ಒಂದು ರಾತ್ರಿ ದೊಡ್ಡವರ ಮನೆಯಲ್ಲಿ ಸಾವಾಗಿದೆ, ಹಲಗಿಗೆ ಕರೆ ಬಂದಿದೆ. ಇತ್ತ ಗುಡಿಸಲಲ್ಲಿ ಮಗಳಿಗೆ ಜ್ವರ ಏರಿದೆ. ಒಲ್ಲೆ ಅನ್ನುವಂತಿಲ್ಲ. ಅಂಗಳದಲ್ಲಿ ಹುಲ್ಲು ಉರಿಸಿ ಹಲಗಿ ಕಾಸುತ್ತಾನೆ, ಹೆಗಲಿಗೆ ಹಾಕಿಕೊಂಡು ಕತ್ತಲಲ್ಲಿ ಹೋಗುತ್ತಾನೆ. ಇಷ್ಟೇ ಕಥೆ.

ದೃಶ್ಯಕ್ಕೆ ಸಂಗೀತ ಕೂಡಿಸುವ ಕೆಲಸವನ್ನು ನೋಡಿ ನೋಡಿಯೇ ಕಲಿತೆವು. ಸಂಗೀತ ಎಲ್ಲಿ ಹೊಗಬೇಕು, ಎಲ್ಲಿ ಹೊರಬೀಳಬೇಕು ಎಂಬುದು ಮೊದಲ ಪಾಠ. ಮಾತಿದ್ದಲ್ಲಿ ವಾದ್ಯ ತಗ್ಗಬೇಕು. ಒಂದು ಪಾತ್ರಕ್ಕೆ ಒಂದು ಧಾಟಿ ಹಿಡಿದರೆ ಆ ಪಾತ್ರ ಬಂದಾಗಲೆಲ್ಲ ಅದನ್ನು ತಿರುಗಿ ತರಬಹುದು. ಸೆಕೆಂಡು ಎಣಿಸಬೇಕು. ಇವೆಲ್ಲ ಕೈಗೆ ಹತ್ತುವ ವಿದ್ಯೆಗಳು. ಹಲಗಿ ಕಾಸುವ ದೃಶ್ಯಕ್ಕೆ ನಾವು ಕಂಪ್ಯೂಟರಿನಲ್ಲಿ ಸಿಕ್ಕ ಪಿಟೀಲಿನ ಒಂದು ಶೋಕದ ಧಾಟಿ ಹಾಕಿದೆವು. ನಮಗೇ ಕಣ್ಣೀರು ಬಂತು. ಗೆದ್ದೆವು ಅಂದುಕೊಂಡೆವು.

ಅಜ್ಜನಿಗೆ ತೋರಿಸಿದೆವು. ಆತ ಸುಮ್ಮನೆ ನೋಡಿ ಕೇಳಿದ:

"ತಮ್ಮಾ, ಅಲ್ಲಿ ಅಳಾಕತ್ತಿದ್ದು ಯಾರು?"

"ಯಾರೂ ಅಲ್ಲಜ್ಜಾ, ಅದು ಪಿಟೀಲು. ನಿನ್ನ ದುಃಖ ನೋಡೋರಿಗೆ ಮುಟ್ಟಲಿ ಅಂತ ಹಾಕೇವಿ."

"ನಾ ಅವತ್ತ ಅತ್ತಿಲ್ಲೋ. ನನಗ ಸಿಟ್ಟ ಬಂದಿತ್ತು. ಹಲಗಿ ಹರದ ಹೋಗ್ಲಿ ಅನ್ನೂವಷ್ಟ ಸಿಟ್ಟ. ಅದನ್ನ ಎಲ್ಲಿ ಕಳದ್ರಿ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಒಬ್ಬ ಮನುಷ್ಯನ ಸಿಟ್ಟನ್ನು ಕಿತ್ತುಕೊಂಡು ಅವನ ಕೈಗೆ ಕನಿಕರ ಕೊಟ್ಟಿದ್ದೆವು. ಇದು ಕಲೆಯ ತಪ್ಪಲ್ಲ, ನೀತಿಯ ತಪ್ಪು. ಕನಿಕರ ನೋಡುವವನಿಗೆ ಸೇರಿದ್ದು. ಅವನು ಅತ್ತು, ಮೂಗು ಒರೆಸಿಕೊಂಡು, ಹಗುರಾಗಿ ಮನೆಗೆ ಹೋಗುತ್ತಾನೆ. ಅವನ ಮೇಲೆ ಯಾವ ಸಾಲವೂ ಉಳಿಯುವುದಿಲ್ಲ. ಸಿಟ್ಟು ಹಾಗಲ್ಲ. ಅದು ನೋಡುವವನ ಹೆಸರು ಹಿಡಿದು ಕೇಳುತ್ತದೆ. ಹಾಗಾದರೆ ನಮಗೆ ಪಿಟೀಲೇ ಯಾಕೆ ಹೊಳೆಯಿತು? ಸಿನಿಮಾ ನಮ್ಮ ಕಿವಿಯನ್ನು ಹಾಗೆ ಪಳಗಿಸಿದೆ. ಬಡವನ ಗೋಳಿಗೆ ಪಿಟೀಲು, ಶಹನಾಯಿ. ರೌಡಿ ಬಂದರೆ, ಹೆಣ ಎದ್ದರೆ ಹಲಗಿ. ನಮ್ಮ ಕಿವಿಯಲ್ಲೂ ಊರೇ ಕೂತಿತ್ತು, ಕೇರಿ ಇರಲಿಲ್ಲ.

1977ರಲ್ಲಿ 'ಸನಾದಿ ಅಪ್ಪಣ್ಣ' ಬಂತು. ಜಿ.ಕೆ. ವೆಂಕಟೇಶ್ ಸಂಗೀತ, ರಾಜಕುಮಾರ್ ಅಭಿನಯ, ಶಹನಾಯಿ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ನಾಡೇ ತಲೆದೂಗಿತು. ನಮ್ಮ ಸೀಮೆಯಲ್ಲಿ ಸನಾದಿ ಊದುತ್ತ ಬಂದವರು ಕೊರಮರು, ಭಜಂತ್ರಿಗಳು. ಮದುವೆಯ ಹಂದರದ ಹೊರಗೆ ಕೂತು ಊದಿದವರು. ಸನಾದಿಯನ್ನು ಮೆಚ್ಚಿದ ಊರು ಊದುವವನನ್ನು ಒಳಗಿನ ಪಂಕ್ತಿಗೆ ಕರೆಯಿತೇ? ಸಂಗೀತ ಮೈಲಿಗೆಯಾಗುವುದಿಲ್ಲ, ಮನುಷ್ಯ ಆಗುತ್ತಾನೆ. ಇದೆಂಥ ರಸಿಕತೆ?

ಅದಕ್ಕೂ ಮೊದಲು, 1975ರಲ್ಲಿ, 'ಚೋಮನ ದುಡಿ' ತೆರೆಗೆ ಬಂತು. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ; ನಿರ್ದೇಶನ, ಸಂಗೀತ ಎರಡೂ ಬಿ.ವಿ. ಕಾರಂತರದು. ಬರೆದವರೂ ತೆಗೆದವರೂ ಕೇರಿಯವರಲ್ಲ ಎಂಬುದು ನಿಜ. ಆದರೂ ಒಂದು ಮಾತು ಒಪ್ಪಬೇಕು. ಅಲ್ಲಿ ಚೋಮನ ದುಡಿ ಚೋಮನ ಕೈಯಲ್ಲೇ ಇದೆ. ಭೂಮಿ ಸಿಗದವನ ಸಿಟ್ಟೂ ಸಂಕಟವೂ ಅವನದೇ ಬೆರಳಿನಿಂದ ಹೊರಡುತ್ತವೆ. ಬೇರೆಯವರು ಅವನ ಪರವಾಗಿ ಅಳಬೇಕಾಗಿಲ್ಲ.

ಸರಿ, ಪಿಟೀಲು ತೆಗೆದು ಹಲಗಿ ಹಾಕೋಣ ಅಂದೆವು. "ಅಜ್ಜಾ, ಆ ರಾತ್ರಿ ಬಡಿದ ಪೆಟ್ಟನ್ನೇ ಒಮ್ಮೆ ಬಡೀ" ಎಂದು ಕೇಳಿದೆವು. ನೋಡಿ, ನಮ್ಮ ಬಾಯಲ್ಲೂ 'ಬಡೀ' ಎಂದೇ ಬಂತು.

ಅಜ್ಜ ಒಲ್ಲೆ ಅಂದ. "ಹೆಣದ ಮುಂದ ಬಡಿಯೂದು ಬಿಟ್ಟು ಮೂವತ್ತ ವರ್ಷ ಆತು. ಮಂದಿ ಮುಂದ ಆಣಿ ಮಾಡಿ ಬಿಟ್ಟೀನಿ. ನಿಮ್ಮ ಸಿನಿಮಾಕ್ಕಾಗಿ ಮತ್ತ ಹಿಡೀಲೇನು?"

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಎಂದರು. 1970ರ ದಶಕದಿಂದ ದಲಿತ ಸಂಘರ್ಷ ಸಮಿತಿ ಕಟ್ಟಿದವರು ಬಿಟ್ಟಿ ಚಾಕರಿ ಬಿಡಿ ಎಂದು ಕೇರಿ ಕೇರಿ ತಿರುಗಿದರು. ಹಾಗೆ ಬಿಟ್ಟವನ ಕೈಗೆ ಕಲೆಯ ಹೆಸರಲ್ಲಿ ಮತ್ತೆ ಹಲಗಿ ಕೊಡಲು ನಾವು ಯಾರು? ಆದರೆ ಇನ್ನೊಂದು ಸತ್ಯವೂ ಇದೆ. ಹೆಣದ ಮುಂದಿನ ಪೆಟ್ಟು ಬೇರೆ, ದೇವರ ಮೆರವಣಿಗೆಯದು ಬೇರೆ, ಡಂಗುರದ್ದು ಬೇರೆ, ಕಾಮನ ಹಬ್ಬದ್ದು ಬೇರೆ. ದೂರದ ಹೊಲದಲ್ಲಿದ್ದವರು ಪೆಟ್ಟು ಕೇಳಿಯೇ ಊರಲ್ಲೇನಾಗಿದೆ ಎಂದು ತಿಳಿಯುತ್ತಿದ್ದರು. ಸನ್ನಿವೇಶಕ್ಕೆ ತಕ್ಕ ಸಂಗೀತ ಅಂದರೆ ಇದಲ್ಲದೆ ಮತ್ತೇನು? ನಾವು ಕಂಪ್ಯೂಟರಿನ ಮುಂದೆ ಕೂತು ಕಲಿಯುತ್ತಿದ್ದ ವಿದ್ಯೆಯಲ್ಲಿ ಆ ಅಜ್ಜ ಪಂಡಿತ. ಆ ಪಾಂಡಿತ್ಯಕ್ಕೆ ಊರು ಕೊಟ್ಟ ಹೆಸರು ಗುಲಾಮಗಿರಿ. ಒಂದನ್ನು ಬಿಡುವಾಗ ಇನ್ನೊಂದನ್ನೂ ಬಿಡಬೇಕಾಯಿತಲ್ಲ, ಇದೇ ಅನ್ಯಾಯದ ಮೇಲಿನ ಅನ್ಯಾಯ.

ಕೊನೆಗೆ ನಾವು ಆ ದೃಶ್ಯವನ್ನು ಖಾಲಿ ಬಿಟ್ಟೆವು. ನಾಗರಾಜ ಮಂಜುಳೆಯವರ 'ಸೈರಾಟ್' (2016) ನೆನಪಾಯಿತು. ಅಜಯ್-ಅತುಲ್ ಅಮೆರಿಕದಲ್ಲಿ ದೊಡ್ಡ ವಾದ್ಯವೃಂದ ಕೂಡಿಸಿ ಮುದ್ರಿಸಿದ ಸಂಗೀತ ಆ ಚಿತ್ರದ ತುಂಬ ಹರಿಯುತ್ತದೆ. ಆದರೆ ಕೂಸಿನ ರಕ್ತದ ಹೆಜ್ಜೆಗಳ ಕೊನೆಯ ದೃಶ್ಯದಲ್ಲಿ ಎಲ್ಲವೂ ಮೌನ. ನೋಡುವವನಿಗೆ ಅಳಲು ಯಾರೂ ಅಪ್ಪಣೆ ಕೊಡುವುದಿಲ್ಲ, ತಪ್ಪಿಸಿಕೊಳ್ಳಲೂ ದಾರಿ ಕೊಡುವುದಿಲ್ಲ. ನಮ್ಮ ದೃಶ್ಯದಲ್ಲೂ ಹುಲ್ಲು ಉರಿಯುವ ಸಪ್ಪಳ, ಒಳಗೆ ಕೂಸಿನ ಕೆಮ್ಮು, ಇಷ್ಟೇ ಉಳಿದವು.

ಅದನ್ನು ನೋಡಿ ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಹಲಗಿ ಕಾದೈತೋ ಇಲ್ಲೋ ಅಂತ ಬೆರಳಲೆ ಒಂದ ಪೆಟ್ಟ ಹಾಕಿ ನೋಡ್ತೇವಿ. ಅದು ಯಾರ ಹೆಣಕ್ಕೂ ಅಲ್ಲ. ಅದಷ್ಟ ನಂದು. ಬೇಕಂದ್ರ ಅದನ್ನ ತಗೋರಿ." ಒಂದೇ ಪೆಟ್ಟು. ಅದನ್ನು ಹಾಕಿದೆವು.

ಸಂಗೀತ ಕಲಿಯಬೇಡಿ ಎಂದು ನಾವು ಹೇಳುತ್ತಿಲ್ಲ. ತಮಿಳುನಾಡಿನ ಪಣ್ಣೈಪುರದ ದಲಿತ ಮನೆಯಲ್ಲಿ 1943ರಲ್ಲಿ ಹುಟ್ಟಿದ ಇಳಯರಾಜಾ ಮದ್ರಾಸಿನಲ್ಲಿ ಧನರಾಜ್ ಮಾಸ್ತರರ ಬಳಿ ಪಾಶ್ಚಾತ್ಯ ಸಂಗೀತ ಕಲಿತರು, ನಮ್ಮ ಜಿ.ಕೆ. ವೆಂಕಟೇಶರ ಸಹಾಯಕರಾಗಿ ಸಿನಿಮಾದ ಕೆಲಸ ಕಲಿತರು, 2025ರಲ್ಲಿ ಲಂಡನ್ನಿನಲ್ಲಿ ತಮ್ಮ ಸಿಂಫನಿ ಕೇಳಿಸಿದರು. ಯಾವ ವಾದ್ಯವೂ ಯಾರಪ್ಪನ ಸೊತ್ತೂ ಅಲ್ಲ. ಪಿಟೀಲೂ ನಮ್ಮದೇ, ಹಾರ್ಮೋನಿಯಂ ನಮ್ಮದೇ, ಕಂಪ್ಯೂಟರೂ ನಮ್ಮದೇ. ಕಲಿಯೋಣ, ಚೆನ್ನಾಗಿಯೇ ಕಲಿಯೋಣ.

ಆದರೆ ಯಾವುದೇ ದೃಶ್ಯದ ಮುಂದೆ ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ ರಾಗದ್ದಲ್ಲ, ತಾಳದ್ದಲ್ಲ. ತೆರೆಯ ಮೇಲಿರುವ ಈ ಮನುಷ್ಯನಿಗೆ ನಿಜಕ್ಕೂ ಏನಾಗುತ್ತಿದೆ? ಅವನನ್ನು ಕೇಳಿದ್ದೇವೆಯೇ? ಕೇಳದೆ ಹಾಕಿದ ಸಂಗೀತ ಎಷ್ಟೇ ಇಂಪಾಗಿರಲಿ, ಅದೂ ಒಂದು ಬಗೆಯ ಬಡಿಯುವುದೇ.