ಈರ್ಯಾಸಮಿತಿಯೂ ಹಳ್ಳಿಯ ಸೇತುವೆಯೂ

ಮೈಸೂರಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ಹಾದಿಯಲ್ಲಿರುವ ವರುಣ ಗ್ರಾಮದಲ್ಲಿ 2025ರ ಜನವರಿಯಲ್ಲಿ ಚರಂಡಿಗಾಗಿ ನೆಲ ಅಗೆಯುತ್ತಿದ್ದಾಗ ಕೆಲವು ಜೈನ ಶಿಲ್ಪಗಳು ಹೊರಬಂದವು. ಅವು ಹನ್ನೊಂದನೆಯ ಶತಮಾನದವೆಂದು ವಿದ್ವಾಂಸರು ಅಭಿಪ್ರಾಯಪಟ್ಟರು. ಈ ವಾರ್ತೆಯನ್ನು ಓದಿದ ಜಿನಭಕ್ತರೆಲ್ಲರಿಗೂ ಸಂತೋಷವಾದುದು ಸಹಜವೇ. ಗಂಗರ ರಾಜಧಾನಿಯಾಗಿದ್ದ ತಲಕಾಡು ಇದೇ ಸೀಮೆಯದು. ನೆಲದಲ್ಲಿ ಜಿನಧರ್ಮದ ಕುರುಹು ಇರುವುದು ಆಶ್ಚರ್ಯವಲ್ಲ. ಆದರೆ ಆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯೂ ಏಳಬೇಕಾಗಿತ್ತು. ಶಿಲ್ಪ ಯಾರದೋ ಕಣ್ಣಿಗೆ ಬಿತ್ತು, ಆದ್ದರಿಂದ ಉಳಿಯಿತು. ಕಣ್ಣಿಗೆ ಬೀಳದೆ ಒಡೆದು ಜಲ್ಲಿಯೊಡನೆ ಬೆರೆತುಹೋದವುಗಳ ಗತಿಯೇನು? ನೋಡದೆ ನಾಶಮಾಡಿದುದಕ್ಕೆ ಮನುಷ್ಯನು ಹೊಣೆಯೋ ಅಲ್ಲವೋ? ಧರ್ಮಶಾಸ್ತ್ರದ ಈ ಪ್ರಶ್ನೆಯನ್ನು ಹಳ್ಳಿಯ ರಸ್ತೆಯ ಒಂದು ಸಣ್ಣ ಸೇತುವೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಚರಂಡಿಗಿಂತ ಸೇತುವೆಯ ಪಾಯ ಆಳವಾದದ್ದು. ಅದಕ್ಕಿಂತ ಮುಖ್ಯವಾಗಿ, ಸೇತುವೆ ನಿಲ್ಲುವ ಜಾಗವು ಸಾಮಾನ್ಯವಾದ ಜಾಗವಲ್ಲ. ಹಳ್ಳವನ್ನು ಎಲ್ಲಿ ದಾಟಬಹುದು ಎಂಬುದನ್ನು ಎಂಜಿನಿಯರನು ಕಂಡುಹಿಡಿಯುವ ಮೊದಲೇ ಎತ್ತಿನ ಗಾಡಿ ಕಂಡುಹಿಡಿದಿರುತ್ತದೆ. ಗಾಡಿಗೂ ಮೊದಲು ದನದ ಕಾಲ್ದಾರಿ. ದಾಟುವ ಜಾಗದಲ್ಲಿ ಜನ ತಂಗುತ್ತಾರೆ, ಕಟ್ಟೆ ಕಟ್ಟುತ್ತಾರೆ, ಸತ್ತವರಿಗೆ ಕಲ್ಲು ನೆಡುತ್ತಾರೆ. ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ಕಪಿಲೆ, ಕಾವೇರಿ, ಗುಂಡ್ಲುಹೊಳೆಗಳಿಗೆ ಇಳಿಯುವ ಹಳ್ಳಗಳ ಮೇಲೆ ಹಾಸುಗಲ್ಲಿನ ಹಳೆಯ ಮೋರಿಗಳು ಇನ್ನೂ ಅಲ್ಲಲ್ಲಿ ಉಂಟು. ಆ ಚಪ್ಪಡಿಗಳು ಎಲ್ಲಿಂದ ಬಂದವು ಎಂದು ಕೇಳುವವರಿಲ್ಲ. ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಶಾಸನ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳು ಸೇರಿವೆ. ಅಂತಹ ಸಂಪುಟಗಳನ್ನು ತಿರುವಿಹಾಕಿದವರಿಗೆ ಗೊತ್ತು: ಬರೆದ ಕಲ್ಲು ಗುಡಿಯಲ್ಲಿ ಮಾತ್ರ ಇರುವುದಿಲ್ಲ, ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ತೂಬಿನ ಬಳಿಯಲ್ಲಿ ಇರುತ್ತದೆ. ಪಾಳುಬಿದ್ದ ಕಟ್ಟಡದ ಕಲ್ಲನ್ನು ಊರಿನ ಕೆಲಸಕ್ಕೆ ಬಳಸುವುದು ನಮ್ಮ ದೇಶದಲ್ಲಿ ಬಹಳ ಹಳೆಯ ಪದ್ಧತಿ. ಅದು ಪಾಳುಬಿದ್ದ ಬಸದಿಯ ಕಲ್ಲೂ ಆಗಿರಬಹುದು.

ಈಗಿನ ಕಾನೂನು ಏನು ಹೇಳುತ್ತದೆ? ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ ನಮ್ಮ ರಾಜ್ಯದ 1961ರ ಕಾಯಿದೆಯೂ ಘೋಷಿತ ಸ್ಮಾರಕಗಳನ್ನು ಕಾಯುತ್ತವೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಪಟ್ಟಿಯಲ್ಲಿ ಇಲ್ಲದ ಕಲ್ಲಿಗೆ ಈ ಆಶ್ರಯವಿಲ್ಲ. ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವಿನ ವಿಷಯವನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು ನಿಧಿ ಕುರಿತ 1962ರ ಕಾಯಿದೆ ವಿಧಿಸುತ್ತದೆ, ನಿಜ. ಅದು ಸಿಕ್ಕ ಮೇಲಿನ ಮಾತು. ಘೋಷಿತ ಸ್ಮಾರಕದಿಂದ ದೂರದಲ್ಲಿರುವ ಹಳ್ಳಿಯ ಮೋರಿಯನ್ನು ಒಡೆಯುವ ಮುನ್ನ ಬಲ್ಲವರೊಬ್ಬರು ಬಂದು ನೋಡಬೇಕು ಎಂದು ಈ ಕಾಯಿದೆಗಳಲ್ಲಿ ಇಲ್ಲ.

ಇಲ್ಲಿ ನಮ್ಮ ಆಚಾರ್ಯರ ವಿವೇಕವನ್ನು ನೆನೆಯಬೇಕು. ಮುನಿಗಳು ನಡೆಯುವಾಗ ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆ ಇಡಬೇಕೆಂಬುದು ಈರ್ಯಾಸಮಿತಿ. ಹಾಗೆ ನೋಡಿ ನಡೆದವನ ಕಾಲಡಿಯಲ್ಲಿ ಒಂದು ಜೀವಿ ಸತ್ತರೂ ಅಷ್ಟರಿಂದಲೇ ಅವನಿಗೆ ಬಂಧವಿಲ್ಲ; ನೋಡದೆ ನಡೆದವನ ಕಾಲಡಿಯಲ್ಲಿ ಯಾವ ಜೀವಿಯೂ ಸಾಯದಿದ್ದರೂ ಅವನು ಹಿಂಸಕನೇ ಎಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ತಾತ್ಪರ್ಯ. ದೋಷವು ಫಲದಲ್ಲಿಲ್ಲ, ಪ್ರಮಾದದಲ್ಲಿದೆ. ‘ನಮಗೆ ಗೊತ್ತಿರಲಿಲ್ಲ’ ಎಂಬ ಸಮಾಧಾನ ನೋಡಿದವನಿಗೆ ಸಲ್ಲುತ್ತದೆಯೇ ಹೊರತು ನೋಡಲು ಒಲ್ಲದವನಿಗೆ ಸಲ್ಲುವುದಿಲ್ಲ. ಗೃಹಸ್ಥನಿಗೂ ಈ ನಿಯಮ ತಕ್ಕಮಟ್ಟಿಗೆ ಉಂಟು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಯೋಜನವಿಲ್ಲದೆ ಭೂಮಿಯನ್ನು ಅಗೆಯುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಸೇತುವೆಗಾಗಿ ಅಗೆಯುವುದು ನಿಷ್ಪ್ರಯೋಜಕವಲ್ಲ. ಆದರೆ ಸೇತುವೆಗೆ ಬೇಕಾದುದಕ್ಕಿಂತ ಹೆಚ್ಚು ಅಗೆದು, ದಡವನ್ನೆಲ್ಲ ಕೆದರಿ, ಕಲ್ಲನ್ನೆಲ್ಲ ಹಳ್ಳಕ್ಕೆ ತಳ್ಳುವುದು?

ಅಮೆರಿಕ ದೇಶದಲ್ಲಿ 1966ರ ಒಂದು ಕಾಯಿದೆಯಿದೆ. ಕೇಂದ್ರ ಸರ್ಕಾರದ ಹಣ ಅಥವಾ ಅನುಮತಿ ಯಾವ ಕಾಮಗಾರಿಗೆ ಬೇಕೋ ಆ ಕಾಮಗಾರಿಯಿಂದ ಐತಿಹಾಸಿಕ ಸ್ಥಳಗಳಿಗೆ ಏನಾಗುವುದೆಂದು ಮೊದಲೇ ಪರಿಶೀಲಿಸಬೇಕೆಂದು ಅದರ 106ನೆಯ ವಿಧಿ ಹೇಳುತ್ತದೆ. ಸ್ವಾರಸ್ಯವೆಂದರೆ, ಪರಿಶೀಲಿಸಿದ ಮೇಲೆ ಆ ಸ್ಥಳವನ್ನು ಉಳಿಸಲೇಬೇಕೆಂದು ಅದು ಕಡ್ಡಾಯ ಮಾಡಿಲ್ಲ. ನೋಡಬೇಕು, ಸಂಬಂಧಪಟ್ಟವರ ಮಾತನ್ನು ಕೇಳಬೇಕು, ಆಮೇಲೆ ತೀರ್ಮಾನಿಸಬೇಕು. ಇಷ್ಟೇ ವಿಧಿ. ಇದನ್ನು ಓದಿದಾಗ ನನಗೆ ಸಮಿತಿಗಳ ನೆನಪಾಯಿತು. ಅವರು ಅದನ್ನು ನಮ್ಮ ಶಾಸ್ತ್ರದಿಂದ ಪಡೆದರೆಂದು ಹೇಳುವ ಉತ್ಸಾಹ ನನಗಿಲ್ಲ. ಅಂತಹ ಮಾತು ನಮ್ಮ ಸಭೆಗಳಲ್ಲಿ ಈಗಾಗಲೇ ಅತಿಯಾಗಿದೆ.

ಇನ್ನು ಗಂಭೀರವಾದ ಆಕ್ಷೇಪವೊಂದಿದೆ; ಅದು ನಮ್ಮವರಿಂದಲೇ ಬರತಕ್ಕದ್ದು. ಅಹಿಂಸೆಯು ಜೀವಕ್ಕೆ ಸಂಬಂಧಿಸಿದ್ದು; ಗುಡಿಯಿಂದ ಬಂದು ಮೋರಿಗೆ ಹೊದಿಸಿದ ಚಪ್ಪಡಿ ಕೇವಲ ಪುದ್ಗಲ. ದ್ರವ್ಯವು ಉಳಿಯುತ್ತದೆ, ಪರ್ಯಾಯವು ಅಳಿಯುತ್ತದೆ. ಬಸದಿ ಮೋರಿಯಾಯಿತು, ಮೋರಿ ಜಲ್ಲಿಯಾಗುತ್ತದೆ. ಇದಕ್ಕೆ ಶೋಕಿಸುವುದು ಮೋಹ, ಹಿಡಿದಿಟ್ಟುಕೊಳ್ಳುವುದು ಪರಿಗ್ರಹ. ವೀತರಾಗನ ಅನುಯಾಯಿಗಳಿಗೆ ಹಳೆಯ ಕಲ್ಲಿನ ಮೇಲೆ ಏಕಿಷ್ಟು ರಾಗ?

ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಲಾಗದು. ಕಲ್ಲಿನ ಮೇಲಣ ರಾಗ ಎಷ್ಟೋ ಸಲ ಕುಲಾಭಿಮಾನವೇ ಆಗಿರುತ್ತದೆ. ಆದರೆ ಬರೆದ ಕಲ್ಲು ಬರಿಯ ಕಲ್ಲಲ್ಲ. ನಿಸಿದಿಗಲ್ಲು ಸಲ್ಲೇಖನದಿಂದ ದೇಹವಿಟ್ಟ ಒಬ್ಬ ಸಾಧಕನ ವಿಷಯದಲ್ಲಿ ಉಳಿದಿರುವ ಏಕೈಕ ಸಾಕ್ಷಿಯಾಗಿರಬಹುದು. ದಾನಶಾಸನವು ಹೊಲವನ್ನೋ ಎಣ್ಣೆಯನ್ನೋ ಕೊಟ್ಟವನೊಬ್ಬನು ಮುಂದಿನವರೆಲ್ಲರಿಗೆ ಬರೆದಿಟ್ಟ ಪತ್ರ. ಅಂತಹ ಶಾಸನಗಳ ಕೊನೆಯಲ್ಲಿ ಇದನ್ನು ಕಾಪಾಡಿದವರಿಗೆ ಪುಣ್ಯವೆಂದೂ ಅಳಿದವರಿಗೆ ಪಾಪವೆಂದೂ ಬರೆದಿರುವುದು ರೂಢಿ. ಕಾಪಾಡುವವನು ಒಡೆಯನಲ್ಲ, ಆದ್ದರಿಂದ ಕಾಪಾಡುವುದು ಪರಿಗ್ರಹವಾಗುವುದಿಲ್ಲ. ಇನ್ನೊಂದು ದೃಷ್ಟಿಯೂ ಇದೆ. ಜ್ಞಾನಾವರಣ ಕರ್ಮಕ್ಕೆ ಕಾರಣವಾಗುವ ದೋಷಗಳಲ್ಲಿ ನಿಹ್ನವ ಎಂಬುದೊಂದು, ಎಂದರೆ ತಿಳಿದುದನ್ನು ಮರೆಮಾಚುವುದು. ಅಂತರಾಯ ಎಂಬುದಿನ್ನೊಂದು, ಎಂದರೆ ಜ್ಞಾನಕ್ಕೆ ಅಡ್ಡಿಪಡಿಸುವುದು. ಅಕ್ಷರವಿರುವ ಕಲ್ಲನ್ನು ಕಂಡೂ ಕಾಣದಂತೆ ಕಾಂಕ್ರೀಟಿನಡಿಗೆ ಹಾಕಿದವನು ಪುದ್ಗಲವನ್ನು ಹಿಂಸಿಸಲಿಲ್ಲ ಎಂದೇ ಇಟ್ಟುಕೊಳ್ಳೋಣ. ನಿಹ್ನವದಿಂದ ಅವನು ಪಾರಾಗುವುದು ಹೇಗೆ? ಕಲ್ಲನ್ನು ಉಳಿಸಲಾಗದ ಸಂದರ್ಭದಲ್ಲಿಯೂ ಅದರ ಪಡಿಯಚ್ಚು, ಛಾಯಾಚಿತ್ರ, ಇದ್ದ ಜಾಗದ ಟಿಪ್ಪಣಿ ಉಳಿಯಬಲ್ಲವು.

ನೋಡಿದರೆ ಏನು ಸಿಗುತ್ತದೆ ಎಂಬುದಕ್ಕೆ ನರಸೀಪುರವೇ ನಿದರ್ಶನ. ಅಲ್ಲಿಯ ನದೀತೀರದಲ್ಲಿ ಡಾ. ಎಂ. ಶೇಷಾದ್ರಿಯವರು 1959ರಿಂದ 1965ರವರೆಗಿನ ಅವಧಿಯಲ್ಲಿ ಉತ್ಖನನ ನಡೆಸಿದರು. ವರದಿ 1971ರಲ್ಲಿ ಪ್ರಕಟವಾಯಿತು. ನವಶಿಲಾಯುಗದ ಜನರ ಮಡಕೆಗಳೂ ಸಮಾಧಿಯೂ ದೊರೆತವು. ಮಣ್ಣಿನಿಂದ ಮಾಡಿದ ತಲೆದಿಂಬುಗಳೂ ದೊರೆತವು. ಗುಡಿಗೋಪುರಗಳು ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲು ಯಾರೋ ತಲೆಯಿಟ್ಟು ಮಲಗಿದ ದಿಂಬು! ಮೇಲಿನಿಂದ ನೋಡುವವನಿಗೆ ಅದು ಬರಿಯ ಹೊಳೆಯ ದಡ. ಆ ಜನರಿಗೆ ಮತದ ಹೆಸರಿಲ್ಲ, ವಂಶಸ್ಥರೆಂದು ಹೇಳಿಕೊಳ್ಳುವವರಿಲ್ಲ, ಅವರ ಪರವಾಗಿ ಮನವಿಪತ್ರ ಕೊಡುವ ಟ್ರಸ್ಟ್ ಇಲ್ಲ.

ನಂಜನಗೂಡಿನ ನಿದರ್ಶನ ಬೇರೆ ತೆರನಾದದ್ದು. ಅಲ್ಲಿ ಕಪಿಲೆಯ ಮೇಲೆ ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ, ಕಟ್ಟಿದ ಸೇತುವೆಯಿದೆ. ಉದ್ದ ಸುಮಾರು 225 ಮೀಟರ್. ರಸ್ತೆಗೆಂದು ಕಟ್ಟಿದ್ದು ಮುಂದೆ ರೈಲನ್ನೂ ಹೊತ್ತಿತು. ಬ್ರಾಡ್ ಗೇಜ್ ಬಂದಾಗ ಪಕ್ಕದಲ್ಲಿ ಹೊಸ ಸೇತುವೆಯನ್ನು ಕಟ್ಟಿ ಹಳೆಯದನ್ನು ಕೆಡವದೆ ಬಿಟ್ಟರು. ದೊಡ್ಡ ಸೇತುವೆಗೆ ಹೆಸರಿದೆ, ಆದ್ದರಿಂದ ಉಳಿಯಿತು. ಮೂರು ಚಪ್ಪಡಿಯ ಮೋರಿಗೆ ಹೆಸರಿಲ್ಲ.

ಹಾಗೆಂದು ಪ್ರತಿಯೊಂದು ಮೋರಿಯನ್ನೂ ಉಳಿಸಬೇಕೆಂದು ನಾನು ವಾದಿಸುವುದಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆಯ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿತು. ಹೆದ್ದಾರಿಯ ಪಾಡು ಹೀಗಾದರೆ ಒಳನಾಡಿನ ಹಳ್ಳಿಗಳ ಪಾಡನ್ನು ಊಹಿಸಬಹುದು. ಹೆರಿಗೆಗೆ ಹೊರಟ ತಾಯಿ, ಶಾಲೆಗೆ ಹೊರಟ ಮಗು, ಬಾಳೆಗೊನೆ ತುಂಬಿದ ಲಾರಿ ಹಳ್ಳದ ಈಚೆ ನಿಂತಿರುವಾಗ ಹಳೆಯ ಕಲ್ಲಿನ ಹೆಸರಿನಲ್ಲಿ ವರ್ಷಗಟ್ಟಲೆ ಕಡತವನ್ನು ಕಟ್ಟಿಡುವುದೂ ಹಿಂಸೆಯೇ. ಪಂಚೇಂದ್ರಿಯ ಜೀವದ ಸಂಕಟಕ್ಕಿಂತ ಶಿಲೆಯ ಪರ್ಯಾಯ ದೊಡ್ಡದೆಂದು ಯಾವ ಶಾಸ್ತ್ರವೂ ಹೇಳದು. ಆದರೆ ಈ ಎರಡರಲ್ಲಿ ಒಂದನ್ನು ಆರಿಸಬೇಕಾದ ಇಕ್ಕಟ್ಟು ಬರುವುದು ಕಾಲ ಮೀರಿದ ಮೇಲೆ. ಅಂದಾಜು ಪಟ್ಟಿ ತಯಾರಾಗುವ ಹೊತ್ತಿನಲ್ಲಿಯೇ ಬಲ್ಲವರೊಬ್ಬರು ಒಂದೆರಡು ದಿನ ಬಂದು, ಶಾಸನ ಸಂಪುಟದಲ್ಲಿ ಆ ಊರಿನ ಹೆಸರನ್ನು ಹುಡುಕಿ, ಊರಿನ ಹಿರಿಯರನ್ನು ವಿಚಾರಿಸಿ, ಮೋರಿಯ ಅಡಿಯಲ್ಲಿ ಇಳಿದು ಚಪ್ಪಡಿಗಳ ಕೆಳಮೈಯನ್ನು ಕೈದೀಪದಿಂದ ನೋಡಿದರೆ ಸೇತುವೆಗೆ ಒಂದು ದಿನವೂ ತಡವಾಗುವುದಿಲ್ಲ. ವ್ಯಾಪಾರಿಯಾದ ನನಗೆ ಇದು ಹೊಸ ಮಾತಲ್ಲ. ಅಂಗಡಿ ಕೈಬದಲಾಗುವ ಮುನ್ನ ದಾಸ್ತಾನಿನ ಪಟ್ಟಿ ಮಾಡುತ್ತೇವೆ. ಇರುವುದನ್ನೆಲ್ಲ ಇಟ್ಟುಕೊಳ್ಳುವುದಕ್ಕಲ್ಲ, ಏನಿತ್ತೆಂದು ತಿಳಿದಿರುವುದಕ್ಕೆ.

ಗುತ್ತಿಗೆದಾರನ ವಿಷಯವನ್ನೂ ನ್ಯಾಯವಾಗಿ ನೋಡಬೇಕು. ಅವನು ಕಲ್ಲನ್ನು ಮುಚ್ಚಿಹಾಕುವುದು ದುಷ್ಟತನದಿಂದಲೇ ಎಂದು ತಿಳಿಯಬಾರದು. ಕಲ್ಲು ಸಿಕ್ಕಿತೆಂದು ಹೇಳಿದರೆ ಕೆಲಸ ನಿಲ್ಲುತ್ತದೆ. ಯಂತ್ರದ ಬಾಡಿಗೆ, ಆಳುಗಳ ಕೂಲಿ, ತಂದ ಸಾಲದ ಬಡ್ಡಿ ನಿಲ್ಲುವುದಿಲ್ಲ. ಸತ್ಯ ಹೇಳಿದವನಿಗೇ ನಷ್ಟವಾಗುವಂತೆ ಲೆಕ್ಕವನ್ನು ಬರೆದಿಟ್ಟು ಆಮೇಲೆ ಸತ್ಯವನ್ನು ಬಯಸುವುದು ಯಾವ ನೀತಿ? ಪುರಾತನ ವಸ್ತು ಸಿಕ್ಕಿ ಕೆಲಸ ನಿಂತ ದಿನಗಳಿಗೆ ಅವಧಿಯನ್ನು ವಿಸ್ತರಿಸುವುದಾಗಿಯೂ ಖರ್ಚನ್ನು ಇಲಾಖೆಯೇ ಭರಿಸುವುದಾಗಿಯೂ ಟೆಂಡರಿನಲ್ಲಿ ಒಂದು ಷರತ್ತು ಸೇರಿದರೆ ಅರ್ಧ ಕಲ್ಲುಗಳು ತಾವಾಗಿಯೇ ಬೆಳಕಿಗೆ ಬಂದಾವು. ಅಣುವ್ರತಿಗೆ ಪ್ರಾಮಾಣಿಕತೆ ಕಷ್ಟದಲ್ಲಿಯೂ ಕರ್ತವ್ಯ, ಸರಿ. ಎಲ್ಲರೂ ಅಣುವ್ರತಿಗಳಲ್ಲವಲ್ಲ.

ಕಡೆಯದಾಗಿ ನಮ್ಮ ಬಸದಿಗಳ ಟ್ರಸ್ಟಿನವರಲ್ಲಿ ಎರಡು ಮಾತು. ಕಾಮಗಾರಿಯಲ್ಲಿ ಜಿನಬಿಂಬ ಸಿಕ್ಕಿತೆಂದು ತಿಳಿದೊಡನೆ ಅದನ್ನು ರಾತ್ರೋರಾತ್ರಿ ನಮ್ಮ ಬಸದಿಗೆ ತರುವ ಹಂಬಲ ಹುಟ್ಟುವುದುಂಟು. ಅದು ಭಕ್ತಿಯಂತೆ ತೋರಿದರೂ ಕೊಡದುದನ್ನು ತೆಗೆದುಕೊಂಡಂತೆಯೇ. ಬೇರೆಯವರು ಕದ್ದು ತಂದುದನ್ನು ಸ್ವೀಕರಿಸುವುದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೆಸರಿಸಲ್ಪಟ್ಟಿದೆ. ಸಿಕ್ಕ ಜಾಗದ ವಿವರ ಕಳೆದರೆ ಬಿಂಬದ ಅರ್ಧ ಚರಿತ್ರೆ ಕಳೆದಂತೆ. ಮೊದಲು ಪುರಾತತ್ತ್ವ ಇಲಾಖೆಗೆ ತಿಳಿಸಿ, ದಾಖಲೆಯಾದ ಮೇಲೆ ಕೇಳತಕ್ಕುದನ್ನು ಕೇಳಬಹುದು. ಎರಡನೆಯದು, ನಮ್ಮ ಕಣ್ಣು ತೀರ್ಥಂಕರ ಮೂರ್ತಿಯನ್ನು ಮಾತ್ರ ಹುಡುಕಿದರೆ ಅದು ಸಮಿತಿಯಾಗುವುದಿಲ್ಲ. 2019ರಲ್ಲಿ ಮೈಸೂರಿನ ಬಳಿಯ ಅರಸಿನಕೆರೆಯಲ್ಲಿ ನೆಲದಡಿಯಿಂದ ಎರಡು ದೊಡ್ಡ ನಂದಿಗಳು ಹೊರಬಂದವು. ಮೋರಿಯ ಚಪ್ಪಡಿಯ ಮೇಲೆ ವೀರಗಲ್ಲಿದ್ದರೂ, ಮಾಸ್ತಿಕಲ್ಲಿದ್ದರೂ, ಹೆಸರಿಲ್ಲದವರ ಮಡಕೆಯ ಚೂರಿದ್ದರೂ ನಮ್ಮ ಪತ್ರ ಅಷ್ಟೇ ಬೇಗ ಇಲಾಖೆಗೆ ಹೋಗಬೇಕು. ನಮ್ಮ ಬಸದಿಗಳ ಜೀರ್ಣೋದ್ಧಾರದಲ್ಲಿ ಹಳೆಯ ಹಾಸುಗಲ್ಲಿನ ಮೇಲೆ ಗ್ರಾನೈಟ್ ಹೊದಿಸುವ ಮುನ್ನವೂ ಇದೇ ಪರಿಶೀಲನೆ ನಡೆಯಬೇಕು. ನಮ್ಮ ನೆಲವನ್ನೇ ನೋಡದ ನಾವು ಲೋಕೋಪಯೋಗಿ ಇಲಾಖೆಗೆ ಬರೆದರೆ ಅವರು ಆ ಪತ್ರವನ್ನು ಓದುವುದಾದರೂ ಏಕೆ? ಪ್ರತಿ ಬಸದಿಯಲ್ಲಿಯೂ ಆಯಾ ತಾಲ್ಲೂಕಿನ ಶಾಸನ ಸಂಪುಟದ ಒಂದು ಪ್ರತಿ ಇರಲಿ. ಊರಿನ ಹಳೆಯ ಮೋರಿಯ ಮೇಲೆ ಅಳತೆಯ ಟೇಪು ಹಿಡಿದವರು ಕಂಡ ದಿನ ಅದನ್ನು ತೆಗೆದುಕೊಂಡು ಅವರ ಬಳಿಗೆ ಹೋಗೋಣ.