ನಮ್ಮ ಮನೆ ಕಟ್ಟುವವನ ಉಸಿರಿಗೆ ಯಾರು ಹೊಣೆ?



ಹೊಸ ಮನೆ ಕಟ್ಟಿ ಮುಗಿಯಿತೆಂದರೆ ನಾವು ಗುರುಗಳನ್ನು ಕರೆದು ಆಶೀರ್ವಾದ ಮಾಡಿಸುತ್ತೇವೆ. ಅವರು ಪವಿತ್ರ ಜಲ ಚಿಮುಕಿಸುತ್ತಾ ಕೋಣೆಯಿಂದ ಕೋಣೆಗೆ ನಡೆಯುವಾಗ ಕಾಲಡಿಯಲ್ಲಿ ಗ್ರಾನೈಟ್ ಕಲ್ಲು ಥಳಥಳಿಸುತ್ತಿರುತ್ತದೆ. ಆ ಕಲ್ಲನ್ನು ಕೊಯ್ದು ಕೂರಿಸಿದವನನ್ನು ಆಗ ನೆನೆಯುತ್ತೇವೆಯೇ?

ಅವನು ಕೆಲಸ ಮಾಡುವುದನ್ನು ನೀವೂ ನೋಡಿರುತ್ತೀರಿ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಯಂತ್ರ ಹಿಡಿದರೆ ಸುತ್ತಲೂ ಬಿಳಿ ಧೂಳಿನ ಮೋಡ. ಮೂಗಿಗೆ ಒಂದು ಟವೆಲು; ಎಷ್ಟೋ ಸಲ ಅದೂ ಇಲ್ಲ. ಗ್ರಾನೈಟಿನಲ್ಲಿ ಸಿಲಿಕಾ ಇದೆ. ಅದರ ಕಣ್ಣಿಗೆ ಕಾಣದಷ್ಟು ನುಣುಪಾದ ಧೂಳು ಬಟ್ಟೆಯನ್ನು ದಾಟಿ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆಗಳನ್ನು ಉಳಿಸುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ವರ್ಷಗಟ್ಟಲೆ ಏನೂ ತಿಳಿಯುವುದಿಲ್ಲ. ತಿಳಿದ ಮೇಲೆ ಅದನ್ನು ಗುಣಪಡಿಸುವ ಔಷಧಿ ಇಲ್ಲ. ಕ್ಷಯರೋಗ ತಗಲುವ ಅಪಾಯವೂ ಹೆಚ್ಚುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರ ಕುಟುಂಬಗಳಿಗೆ ಈ ಕಾಯಿಲೆಯ ಹೆಸರು ಹೊಸದಲ್ಲ.

"ಮಾಸ್ಕ್ ಹಾಕಿಕೊಳ್ಳಪ್ಪ" ಎಂದರೆ, "ಬೇಡ ಸಾರ್, ಅಭ್ಯಾಸ ಆಗಿಬಿಟ್ಟಿದೆ, ದೇವರಿದ್ದಾನೆ" ಎನ್ನುತ್ತಾನೆ. ಹೇಳುವುದನ್ನು ಹೇಳಿಯಾಯಿತು. ಅಲ್ಲಿಗೆ ನಮ್ಮ ಹೊಣೆ ತೀರಿತೇ?

ದೇವರಿದ್ದಾನೆ, ನಿಜ. ಆದರೆ ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಕೆಣಕಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡುವುದು ವಿಶ್ವಾಸವಲ್ಲ. ನಮ್ಮ ದೇಹವು ದೇವರು ನಮ್ಮ ಕೈಗೆ ಒಪ್ಪಿಸಿದ ಸೊತ್ತು. ಆ ಉಸಿರನ್ನು ನಂಬಿಕೊಂಡು ಹೆಂಡತಿ ಮಕ್ಕಳಿದ್ದಾರೆ. ಇಷ್ಟನ್ನು ಕೆಲಸಗಾರನೂ ತಿಳಿಯಬೇಕು.

ಇಲ್ಲಿಗೇ ನಿಲ್ಲಿಸಿದರೆ ಮಾತ್ರ ತಪ್ಪನ್ನೆಲ್ಲ ಬಡವನ ತಲೆಗೆ ಕಟ್ಟಿದಂತಾಗುತ್ತದೆ. ಅವನಿಗೆ ಕೂಲಿ ಅಡಿ ಲೆಕ್ಕದಲ್ಲಿ. ಬಿಸಿಲಿನಲ್ಲಿ ಮಾಸ್ಕ್ ಬಿಗಿದರೆ ಉಸಿರಾಟ ಕಷ್ಟ, ಕೈ ನಿಧಾನ, ಸಂಜೆಗೆ ದುಡ್ಡು ಕಡಿಮೆ. ಹಾಗಿರುವಾಗ ಅವನ "ಬೇಡ" ಎಂಬುದು ನಿಜವಾಗಿಯೂ ಅವನ ಇಷ್ಟದ ಮಾತೇ?

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಸಣ್ಣ ಕಟ್ಟಳೆಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕು. ಇಲ್ಲವಾದರೆ ಅಲ್ಲಿಂದ ಬಿದ್ದು ಸತ್ತವನ ರಕ್ತದ ದೋಷ ಆ ಮನೆಗೆ ತಗಲುತ್ತದೆ. ಗಮನಿಸಿ, ಮಾಳಿಗೆ ಹತ್ತಿದವನು ಎಚ್ಚರದಿಂದ ನಡೆಯಲಿ ಎಂದು ಹೇಳಿ ಸುಮ್ಮನಾಗಿಲ್ಲ. ಆಜ್ಞೆ ಇರುವುದು ಮನೆಯ ಯಜಮಾನನಿಗೆ. ಪೋಪ್ ಎರಡನೇ ಜಾನ್ ಪಾಲರು 1981ರಲ್ಲಿ ದುಡಿಮೆಯ ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿಯೂ, ಆರೋಗ್ಯ ಕೆಡಿಸದ ಕೆಲಸದ ಜಾಗ ಕಾರ್ಮಿಕನ ಹಕ್ಕು ಎಂದಿದ್ದಾರೆ. ಹಕ್ಕನ್ನು ದಾನದಂತೆ ಕೊಡಲಾಗದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲು ಧೂಳೇ ಏಳದಂತೆ ನೋಡುವುದು. ನೀರು ಹಾಯಿಸಿ ಕೊಯ್ಯಲೆಂದೇ ಮಾಡಿದ ಯಂತ್ರಗಳಿವೆ. ಆಮೇಲೆ ಮುಖಕ್ಕೆ ಸರಿಯಾಗಿ ಕೂರುವ ಧೂಳಿನ ಮಾಸ್ಕ್, ಕಣ್ಣಿಗೆ ಕನ್ನಡಕ. ಮಾಸ್ಕ್ ಕೊನೆಯ ಕಾವಲು, ಮೊದಲನೆಯದಲ್ಲ. ಇವುಗಳ ಖರ್ಚು ನಮ್ಮದಾಗಿರಲಿ. ಕೆಲಸ ನಿಧಾನವಾಗುವುದನ್ನು ಲೆಕ್ಕ ಹಿಡಿದೇ ಕೂಲಿ ಗೊತ್ತುಮಾಡೋಣ. ಸಾಲ ಮಾಡಿ ಮನೆ ಕಟ್ಟುವವರಿಗೆ ಇದೂ ಒಂದು ಭಾರವೇ. ಆದರೂ ಬಾಗಿಲ ಕೆತ್ತನೆಗೆ ಹಣ ಹೊಂದಿಸುವ ನಾವು ಇದಕ್ಕೂ ಹೊಂದಿಸಬಲ್ಲೆವು. "ಅದೆಲ್ಲ ಮೇಸ್ತ್ರಿ ನೋಡಿಕೊಳ್ಳುತ್ತಾನೆ" ಎನ್ನುವ ಮೊದಲು, ಪಿಲಾತನೂ ಕೈ ತೊಳೆದುಕೊಂಡಿದ್ದನೆಂಬುದನ್ನು ನೆನೆಯೋಣ.

ಮನೆಯ ಆಶೀರ್ವಾದದ ದಿನ ಕೆಲಸಗಾರರನ್ನೂ ಊಟಕ್ಕೆ ಕರೆಯುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಅಂದು ಕಲ್ಲು ಕೊಯ್ದವನು ಎಲೆಯ ಮುಂದೆ ಕುಳಿತಾಗ, ನಾವು ಅವನ ಮುಖ ನೋಡಿ ನೆಮ್ಮದಿಯಿಂದ ಬಡಿಸುವಂತಿರಲಿ.